ಯಾಕೆ ಮೇಡಂ

ನಮ್ಮ ಆಸ್ಪತ್ರೆಯ ವಾರ್ಡುಗಳ ಕೆಲಸ ಸುಧಾರಿಸಲೆಂದು ಪ್ರತಿ ಮಂಗಳವಾರ ಬರುವ ಹೆಂಗಸಿಗೆ ನಾವು ನರ್ಸುಗಳು ಇಟ್ಟ ಹೆಸರು 'ಯಾಕೆ ಮೇಡಂ'. ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ದೊಡ್ಡ ಡಾಕ್ಟರಿಗೂ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ. ಔಷಧಿ ಕೊಡುವುದು ತಡವಾಯಿತು ಎಂದರೆ, "ಯಾಕೆ?" ಕಪಾಟಿನ ಬೀಗದ ಕೈ ಸಿಗಲಿಲ್ಲ ಎಂದರೆ, "ಅದ್ಯಾಕೆ?" ಐದನೆಯ ಯಾಕೆ ಮುಗಿಯುವಷ್ಟರಲ್ಲಿ ಈ ಆಸ್ಪತ್ರೆ ಕಟ್ಟಿದ್ದಾದರೂ ಯಾಕೆ ಎಂದು ನಮಗೇ ಅನುಮಾನ ಬಂದಿರುತ್ತದೆ. ಗೋಡೆಯ ಚಾರ್ಟಿನಲ್ಲಿ ತಪ್ಪಿಗೊಂದರಂತೆ ಕೆಂಪು ಚುಕ್ಕೆಯನ್ನು ನಮ್ಮ ಕೈಯಲ್ಲೇ ಇಡಿಸುತ್ತಾರೆ. ಆದರೆ 'ಯಾರು ಮಾಡಿದ್ದು' ಎಂದು ಯಾರಾದರೂ ಬಾಯಿಬಿಟ್ಟರೆ ಪೆನ್ನಿಗೆ ಮುಚ್ಚಳ ಹಾಕಿಬಿಡುತ್ತಾರೆ. "ಯಾರು ಅಂತ ಕೇಳಿದ್ರೆ ನಾಳೆಯಿಂದ ಎಲ್ರೂ ಮುಚ್ಚಿಡ್ತಾರಮ್ಮ. ಯಾಕೆ ಅಂತ ಕೇಳಿ." ಕಳೆದ ವಾರ ಮಕ್ಕಳ ವಾರ್ಡಿನಲ್ಲಿ, ನೋಡಲು ಒಂದೇ ಥರವಿದ್ದ ಎರಡು ಬಾಟಲಿಗಳಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟಿದ್ದರಿಂದ ಒಂದು ಮಗು ತೀರಿಕೊಂಡಿತು. ಅದರ ನಂತರದ ಮಂಗಳವಾರ ಚುಕ್ಕೆ ಇಡಲು ಯಾರ ಕೈಯೂ ಏಳಲಿಲ್ಲ. ಮೇಡಂ ತಮ್ಮ ಚೀಲದಿಂದ, ಮಡಿಕೆಗಳಲ್ಲಿ ಹರಿದಿದ್ದ ಹಳೆಯ ಚಾರ್ಟೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಅದರಲ್ಲಿದ್ದದ್ದು ಒಂದೇ ಒಂದು ಕೆಂಪು ಚುಕ್ಕೆ. "ಇದೂ ಬಾಟಲಿನೇ. ಇದೂ ಮಗುನೇ. ಇಪ್ಪತ್ತೆರಡು ವರ್ಷ ಆಯ್ತು." ನಮ್ಮ ವಾರ್ಡಿನ ಮಗುವಿಗೆ ಔಷಧಿ ಕೊಟ್ಟಿದ್ದ ನರ್ಸ್ ತಲೆ ಎತ್ತದೆಯೇ ಕೇಳಿದಳು, "ಯಾರು, ಮೇಡಂ?" ಈ ಸಲ ಅವರು ಪೆನ್ನಿಗೆ ಮುಚ್ಚಳ ಹಾಕಲಿಲ್ಲ. "ನಾನು" ಎಂದು, ಆ ಪೆನ್ನನ್ನು ಅವಳ ಕೈಗಿಟ್ಟರು.