ಕುಮಟೆಯ ದೋಣಿ ಹಿರೇಕೆರೂರಿನ ಕೆರೆಗೆ

ಬೆಳಗಿನ ಚಹಾ ಮುಗಿಯುವ ಹೊತ್ತಿಗೆ ನಮ್ಮ ದೋಣಿ ಲಾರಿ ಏರಿಯಾಗಿತ್ತು. ಕೆಳಗೆ ಉಪ್ಪಿನ ಚೀಲ, ಅದರ ಮೇಲೆ ಬೋರಲಾಗಿ ದೋಣಿ. ದೋಣಿಯ ಹೊಟ್ಟೆಯೊಳಗೆ ಹುಟ್ಟು, ಹಗ್ಗದ ಸುರುಳಿ, ಹಾಯಿಯ ಬಟ್ಟೆ, ಮಕ್ಕಳಿಗೆ ಕಟ್ಟುವ ಬೆಂಡಿನ ಜಾಕೀಟುಗಳು. ಕುಮಟೆಯಲ್ಲಿ ದೋಣಿ ನೀರಿಗೆ ಇಳಿಯುವುದನ್ನು ದಿನವೂ ನೋಡುವವರಿಗೆ ಅದು ಘಟ್ಟ ಹತ್ತಲು ಹೊರಟದ್ದು ತಮಾಷೆಯಾಗಿ ಕಂಡಿತು. "ಸುಮಿತ್ರಾ, ಘಟ್ಟದ ಮೇಲೆ ಸಮುದ್ರ ಇಲ್ಲ, ಗೊತ್ತುಂಟಾ?" ಎಂದು ಮೀನುಪೇಟೆಯ ಹೆಂಗಸರು ಕೂಗಿ ನಕ್ಕರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಾಲವಾಡಿಯಲ್ಲಿ ಪಾಠ ಹೇಳುತ್ತಿದ್ದೆ. ರಜೆಯ ದಿನಗಳಲ್ಲಿ ಮಾತ್ರ ನನಗೆ ಇನ್ನೊಂದು ಕೆಲಸವಿತ್ತು: ಮಕ್ಕಳಿಗೆ ದೋಣಿ ನಡೆಸುವುದು, ಗಂಟು ಹಾಕುವುದು, ಹಾಯಿ ಕಟ್ಟುವುದು, ನೀರಿಗೆ ಬಿದ್ದವರನ್ನು ಎತ್ತುವುದು ಇವನ್ನೆಲ್ಲ ಕಲಿಸುವುದು. ಬೇಸಿಗೆಯಲ್ಲಿ ನಮ್ಮ ಕಡಲ ದಂಡೆಯಲ್ಲೇ ಶಿಬಿರ ನಡೆಯುತ್ತಿತ್ತು. ಆ ವರ್ಷ ದಸರೆಯ ರಜೆಗೆ ಆಗಿನ ಧಾರವಾಡ ಜಿಲ್ಲೆಯ ಶಾಲೆಗಳಿಂದ ಕರೆ ಬಂತು. ಮಳೆ ಚೆನ್ನಾಗಿ ಆಗಿದೆ, ಕೆರೆಗಳು ತುಂಬಿವೆ, ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಕೆಲವು ದಿನ ಕಲಿಸಿಕೊಡಿ ಎಂದರು. ನನ್ನ ಜೊತೆ ಹೊರಟವರು ಸುಬ್ರಾಯಣ್ಣ. ಹಿಂದೆ ಮುಂಬಯಿಗೆ ಹೆಂಚು ಸಾಗಿಸುವ ಹಾಯಿಹಡಗಿನಲ್ಲಿ ದುಡಿದವರು. ಮಾತು ಕಡಿಮೆ, ಕೈ ಚುರುಕು.

ದೇವಿಮನೆ ಘಟ್ಟದಲ್ಲಿ ಲಾರಿ ನರಳುತ್ತ ಏರಿತು. ಶಿರಸಿ ದಾಟಿದ ಮೇಲೆ ಮರಗಳು ವಿರಳವಾದವು, ಆಕಾಶ ಅಗಲವಾಯಿತು. ಹಾನಗಲ್ಲು ಸೇರಿದಾಗ ಹೊತ್ತು ಇಳಿದಿತ್ತು. ಅಲ್ಲಿಯವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಮೈಯೆಲ್ಲ ಉಪ್ಪು ಮತ್ತು ಧೂಳು. ಮರುದಿನ ಆನಿಕೆರೆಯ ದಂಡೆಯಲ್ಲಿ ಮಕ್ಕಳು ನಮ್ಮನ್ನು ಸುತ್ತಿಕೊಂಡರು. ಒಬ್ಬ ಹುಡುಗ ಗಂಭೀರವಾಗಿ ಕೇಳಿದ:

"ಅಕ್ಕೋರ, ನಿಮ್ಮ ಸಮುದ್ರ ನಮ್ಮ ಆನಿಕೆರಿಗಿಂತ ದೊಡ್ಡದೇನ್ರಿ?"

"ಬಹಳ ದೊಡ್ಡದಪ್ಪ."

"ಆಚಿ ದಂಡಿ ಕಾಣ್ತದೇನ್ರಿ?"

"ಇಲ್ಲ."

"ದಂಡಿ ಕಾಣಲಾರದ ನೀರಾಗ ಯಾಕ ಹೋಗ್ತೀರಿ ಮತ್ತ?"

ಸುಬ್ರಾಯಣ್ಣ ಆ ಪ್ರಯಾಣದಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕರು. ಆ ಮಕ್ಕಳಿಗೆ ಈಜು ಹೊಸದಲ್ಲ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಗೆ ಹಾರಿದವರೇ. ಹುಟ್ಟು ಹಾಕುವುದನ್ನು ಒಂದೇ ಮುಂಜಾನೆಯಲ್ಲಿ ಹಿಡಿದುಕೊಂಡರು. ಆದರೆ ಬಂದವರೆಲ್ಲ ಗಂಡುಹುಡುಗರು. ಹೆಣ್ಣುಮಕ್ಕಳು ಕೊಡ ಹಿಡಿದು ಏರಿಯ ಮೇಲೆ ನಿಂತು ನೋಡಿ ಹೋದರು. ಕರೆದರೆ ನಾಚಿ ಓಡಿದರು.

ಶಿಗ್ಗಾವಿಯಲ್ಲಿ ಕೆರೆಯ ದಾರಿ ಕೆಸರಾಗಿ ಲಾರಿ ಮುಂದೆ ಹೋಗಲಿಲ್ಲ. ಹುಲಗೂರಿನ ದರ್ಗಾದ ಹರಕೆ ಮುಗಿಸಿ ಮನೆಮಂದಿಯೊಡನೆ ಚಕ್ಕಡಿಯಲ್ಲಿ ಬರುತ್ತಿದ್ದ ಬಸಪ್ಪ ಎಂಬ ರೈತ ನಮ್ಮ ಅವಸ್ಥೆ ನೋಡಿ ಎತ್ತು ನಿಲ್ಲಿಸಿದ. ದೋಣಿಯ ಸುತ್ತ ಒಂದು ಸುತ್ತು ಬಂದು, ಹೆಂಡತಿಯ ಕಡೆ ತಿರುಗಿ, "ಇಳೀರಿ ಎಲ್ಲಾರೂ. ಬೇವಿನ ಗಿಡದ ಕೆಳಗ ಕುಂದರ್ರಿ. ಇವ್ರ ಬಂಡಿ ನೀರಿಗೆ ಮುಟ್ಟಿಸಿ ಬರ್ತೇನಿ" ಎಂದ. ನಮ್ಮ ದೋಣಿಗೆ ಅವನು 'ಬಂಡಿ' ಎಂದದ್ದು ನನಗೆ ಇಷ್ಟವಾಯಿತು. ದೋಣಿ ಚಕ್ಕಡಿಯ ಮೇಲೆ ಸವಾರಿ ಹೊರಟಿತು. ಅವನ ಹೆಂಡತಿ ನಮ್ಮ ಕೈಗೆ ಗೋಧಿ ಬೆಲ್ಲದ ಮಾದಲಿಯ ಉಂಡೆ ಇಟ್ಟಳು. ದಾರಿಯಲ್ಲಿ ಕಂಡ ಅಪರಿಚಿತರಿಗೆ ಇಷ್ಟು ಮಾಡುವ ಜನರನ್ನು ನಾನು ಹೆಚ್ಚು ಕಂಡಿರಲಿಲ್ಲ.

ಸವಣೂರಿನಲ್ಲಿ ಹಾಯಿಯ ಬಟ್ಟೆ ಜಾಲಿಯ ಮುಳ್ಳಿಗೆ ಸಿಕ್ಕಿ ಉದ್ದಕ್ಕೆ ಹರಿಯಿತು. ಪೇಟೆಯ ದರ್ಜಿ ಖಾದರಸಾಬರು ಅದನ್ನು ಅಂಗಡಿಯ ತುಂಬ ಹರವಿ, ಹೊಲಿಗೆ ಯಂತ್ರದ ಸೂಜಿ ಮುರಿದು, ಹೊಸ ಸೂಜಿ ಹಾಕಿ ಸಂಜೆಯೊಳಗೆ ಕೊಟ್ಟರು. ಮಜೂರಿ ಎಷ್ಟು ಎಂದು ಕೇಳಿದ್ದಕ್ಕೆ ಬೇಸರಪಟ್ಟರು. "ಮಕ್ಕಳು ಕಲಿಯೂ ಸಾಮಾನರೀ ಇದು. ಇದಕ್ಕ ಮಜೂರಿ ತಗೋತಾರೇನು?" ಎಂದು ಎಲೆಯ ಕಟ್ಟೊಂದನ್ನು ಬೇರೆ ಕೊಟ್ಟರು. ಸವಣೂರಿನ ವೀಳ್ಯದೆಲೆ ಬಾಯಿಗಿಟ್ಟರೆ ಕರಗುತ್ತದೆ; ಅಲ್ಲಿಯ ಕುರುಕಲು ತಿಂಡಿ 'ಖಾರ' ಕಣ್ಣಲ್ಲಿ ನೀರು ತರಿಸುತ್ತದೆ. ಎರಡನ್ನೂ ತಿನ್ನುತ್ತ, ಹಾವೇರಿಯ ಮೇಲಿಂದ, ಎಡಬಲಕ್ಕೆ ಹತ್ತಿಯ ಹೊಲ ನೋಡುತ್ತ ಹಿರೇಕೆರೂರಿಗೆ ಬಂದೆವು.

ಹಿರೇಕೆರೂರಿನ ಕೆರೆ ಅಂಚಿನವರೆಗೆ ತುಂಬಿತ್ತು. ಒಂದು ಮಗ್ಗುಲಲ್ಲಿ ತಾವರೆ ಹಾಸಿಕೊಂಡಿತ್ತು. ನಮಗೆ ಶಾಲೆಯ ಕೋಣೆಯಲ್ಲಿ ಬಿಡಾರ. ಊಟ ಪಾರ್ವತೆವ್ವನ ಮನೆಯಿಂದ. ಆಕೆ ಕೆರೆಯ ಕೆಳಗಿನ ಗದ್ದೆಗಳ ಒಡತಿ, ಎತ್ತರದ ಹೆಂಗಸು, ಊರಲ್ಲಿ ಆಕೆಯ ಮಾತು ನಡೆಯುತ್ತಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಬಡಿಸಿ ಮೊದಲ ದಿನವೇ ಸ್ಪಷ್ಟವಾಗಿ ಹೇಳಿದಳು:

"ಹೊಟ್ಟಿ ತುಂಬ ಉಣ್ರಿ. ಆದರ ನನ್ನ ಮೊಮ್ಮಗಳನ್ನ ನೀರಿಗೆ ಕಳಸು ಅನಬ್ಯಾಡ್ರಿ. ಈ ಕೆರಿ ಎಷ್ಟ ಮಂದೀನ ನುಂಗೇತಿ ನನಗ ಗೊತ್ತೈತಿ."

ಆಕೆ ಕಳಿಸದಿದ್ದರೆ ಬೇರೆ ಮನೆಯವರೂ ಕಳಿಸುವುದಿಲ್ಲ. ಹುಡುಗರ ಗುಂಪಿನ ಹಿಂದೆ ಬಂದವರು ಇಬ್ಬರೇ ಹುಡುಗಿಯರು, ಅಕ್ಕ ತಂಗಿ: ಶಾಂತಾ ಮತ್ತು ರತ್ನಾ. ಅವರ ಮನೆ ಊರ ಹೊರಗಿನ ಕೇರಿಯಲ್ಲಿತ್ತು. ತಾಯಿ ಗಂಗವ್ವ ಪಾರ್ವತೆವ್ವನ ಗದ್ದೆಯಲ್ಲೇ ಕಳೆ ಕೀಳುತ್ತಿದ್ದಳು. "ನನಗಂತೂ ಸಾಲಿ ಸಿಗಲಿಲ್ಲರಿ ಅಕ್ಕೋರ. ಪುಗಸಟ್ಟೆ ಏನ ಕಲಸಿದ್ರೂ ಇವು ಕಲೀಲಿ" ಎಂದು ಅವಳೇ ಮಕ್ಕಳನ್ನು ನನ್ನ ಮುಂದೆ ತಂದು ನಿಲ್ಲಿಸಿದ್ದಳು.

ನಾನು ಎಲ್ಲ ಕಡೆಯಂತೆ ಅಲ್ಲಿಯೂ ಮೊದಲು ಹಗ್ಗ ಎಸೆಯುವುದನ್ನು ಕಲಿಸಿದೆ. ಯಾರಾದರೂ ಮುಳುಗುತ್ತಿದ್ದರೆ ನೀವು ಹಾರಬೇಡಿ. ದೋಣಿಯನ್ನು ಲಂಗರು ಹಾಕಿ ನಿಲ್ಲಿಸಿ. ಹಗ್ಗದ ತುದಿಗೆ ಜಾರದ ಕುಣಿಕೆ ಹಾಕಿ, ಸುರುಳಿ ಸುತ್ತಿ, ಅವರ ತಲೆಯ ಆಚೆಗೆ ಬೀಳುವಂತೆ ಎಸೆಯಿರಿ. ಮೊದಲ ಸಲ ತಪ್ಪಿದರೆ ಗಾಬರಿಯಾಗದೆ ಮತ್ತೆ ಸುರುಳಿ ಸುತ್ತಿ. ಹುಡುಗರಿಗೆ ಇದು ಬೇಸರದ ಪಾಠ. ಅವರ ಕಣ್ಣೆಲ್ಲ ಹಾಯಿಯ ಮೇಲೆ. ಶಾಂತಾ ಮಾತ್ರ ಬೇವಿನ ಬೊಡ್ಡೆಯೊಂದಕ್ಕೆ ಗುರಿಯಿಟ್ಟು ಸಂಜೆಯವರೆಗೆ ಎಸೆದಳು.

ಮರುದಿನ ಆ ಇಬ್ಬರನ್ನು ಕರೆದುಕೊಂಡು ನಾನು ಕೆರೆಯ ನಡುವಿಗೆ ಹೋಗಿದ್ದೆ. ಸುಬ್ರಾಯಣ್ಣ ದಂಡೆಯಲ್ಲಿ ಹುಡುಗರಿಗೆ ಗಂಟು ಹೇಳಿಕೊಡುತ್ತಿದ್ದರು. ಗಾಳಿ ಎದ್ದಿತು. ರತ್ನಾಳ ಕೈಯ ಹುಟ್ಟು ಜಾರಿ, ತೇಲುತ್ತ ತಾವರೆಯ ಕಡೆ ಹೋಯಿತು. ನಾನು ಅಘನಾಶಿನಿಯಲ್ಲಿ ಈಜು ಕಲಿತವಳು. ಹೊಳೆ ಕಡಲು ಸೇರುವಲ್ಲಿ ಸೆಳೆತಕ್ಕೆ ಎದುರಾಗಿ ಈಜಿದವಳು. ಹಾರಿ ಹೋಗಿ ಹುಟ್ಟನ್ನು ಹಿಡಿದು ದೋಣಿಯ ಕಡೆ ನೂಕಿದೆ. ತಿರುಗುವಾಗ ಕಾಲಿಗೆ ಏನೋ ಸುತ್ತಿಕೊಂಡಿತು.

ತಾವರೆಯ ದಂಟು ನೀರಿನೊಳಗೆ ಹೇಗಿರುತ್ತದೆಂದು ನಮ್ಮ ಕಡಲ ಕಡೆಯವರಿಗೆ ತಿಳಿಯದು. ಮೇಲೆ ಹೂವು, ಕೆಳಗೆ ಬಲೆ. ಒಂದು ಕಾಲು ಬಿಡಿಸಲು ಒದ್ದರೆ ಇನ್ನೊಂದು ಸಿಕ್ಕಿತು. ಒದ್ದಷ್ಟೂ ಬಿಗಿಯಿತು. ನೀರು ಕುಡಿದೆ, ಎದ್ದೆ, ಮತ್ತೆ ಕುಡಿದೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕೂಗು ಬಹಳ ದೂರದಿಂದ ಕೇಳಿದಂತಾಯಿತು. ಅವ್ವನ ಮುಖ ಕಣ್ಣಮುಂದೆ ಬಂತು.

ಆಗ ಶಾಂತಾಳ ಧ್ವನಿ ಬಂತು, ಬೈಯುವ ಧ್ವನಿ. "ಅಕ್ಕೋರ, ಒದೀಬ್ಯಾಡ್ರಿ! ಗಾಬರಿ ಆಗಬಾರದು ಅಂತ ನೀವ ಹೇಳೀರಲ್ರಿ! ಅಂಗಾತ ಮಲಕೋರಿ!"

ಮಾತು ಕೇಳಿದೆ. ತಲೆ ಹಿಂದಕ್ಕೆ ಹಾಕಿ, ಕಾಲು ಸಡಿಲ ಬಿಟ್ಟು ಆಕಾಶ ನೋಡುತ್ತ ತೇಲಿದೆ. ಮೊದಲ ಎಸೆತದ ಹಗ್ಗ ನನ್ನ ಕೈಗೆ ಎಟುಕದೆ ಬಿತ್ತು. "ಲಂಗರ ಒಗದೀ ಏನ್?" ಎಂದು ಶಾಂತಾ ತಂಗಿಯನ್ನು ಕೇಳಿದ್ದು, "ಒಗದೇನಬೇ" ಎಂದು ರತ್ನಾ ಅಳುತ್ತ ಹೇಳಿದ್ದು ನನಗೆ ಕೇಳಿಸಿತು. ಶಾಂತಾ ಹಗ್ಗವನ್ನು ಎಳೆದುಕೊಂಡು ಮತ್ತೆ ಸುರುಳಿ ಸುತ್ತಿದಳು. ಎರಡನೆಯ ಎಸೆತಕ್ಕೆ ಹಗ್ಗ ನನ್ನ ತಲೆಯ ಆಚೆ ಬಿದ್ದು ಎದೆಯ ಮೇಲೆ ಹಾದುಹೋಯಿತು. ಕುಣಿಕೆಯನ್ನು ತೋಳಿನ ಕೆಳಗೆ ಏರಿಸಿಕೊಂಡೆ. ಇಬ್ಬರೂ ಅಡ್ಡಹಲಗೆಗೆ ಕಾಲು ಒತ್ತಿ, ಕೈ ಮೇಲೆ ಕೈ ಇಟ್ಟು ಎಳೆದರು. ದಂಟುಗಳು ಒಂದೊಂದಾಗಿ ಜಾರಿ ಹೋದವು.

ದಂಡೆಗೆ ಬಂದಾಗ ಸುಬ್ರಾಯಣ್ಣ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಹೆಂಗಸರು ನನ್ನ ತಲೆ ಒರೆಸಿದರು, ಯಾರೋ ತಮ್ಮ ಒಣ ಸೀರೆ ಹೊದಿಸಿದರು, ಇನ್ಯಾರೋ ಶುಂಠಿ ಹಾಕಿದ ಹಾಲು ತಂದರು. ನಾನು ಶಾಂತಾಳ ಕೈ ಹಿಡಿದುಕೊಂಡು ಕುಳಿತೆ. ಅವಳ ಅಂಗೈ ಹಗ್ಗ ಉಜ್ಜಿ ಕೆಂಪಾಗಿತ್ತು. ಥ್ಯಾಂಕ್ಸ್ ಎನ್ನಲು ಹೋದರೆ ಅಳು ಬಂತು.

ಶಾಲೆಯ ಹೆಡ್‌ಮಾಸ್ತರರು ಸಂಜೆ ಬಂದು ಬಾಗಿಲಲ್ಲೇ ನಿಂತರು. "ಅಕ್ಕೋರ, ತಪ್ಪು ತಿಳೀಬ್ಯಾಡ್ರಿ. ಕಲಸೋರ ಮುಳಗ್ಯಾರ ಅಂತ ಊರ ತುಂಬ ಸುದ್ದಿ ಆಗೇತಿ. ನಾಳಿಂದ ಯಾರೂ ಕಳಸಂಗಿಲ್ಲ ಅನಸ್ತದ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾವು ಜಾಕೀಟುಗಳನ್ನು ಮಡಚಿ, ಹಗ್ಗ ಸುತ್ತಿ, ಮರಳುವ ತಯಾರಿ ಮಾಡಿ ಮಲಗಿದೆವು.

ಬೆಳಿಗ್ಗೆ ಕೋಣೆಯ ಹೊರಗೆ ಗದ್ದಲ. ಬಾಗಿಲು ತೆರೆದರೆ ಅಂಗಳದ ತುಂಬ ಹೆಣ್ಣುಮಕ್ಕಳು, ಅವರ ಹಿಂದೆ ತಾಯಂದಿರು, ಎಲ್ಲರ ಮುಂದೆ ಮೊಮ್ಮಗಳ ಕೈ ಹಿಡಿದ ಪಾರ್ವತೆವ್ವ. ಬೈಯಲು ಬಂದರೆಂದೇ ತಿಳಿದೆ.

"ಈ ಕೆರಿ ದಂಡ್ಯಾಗ ಹುಟ್ಟಿ ಬೆಳದೇನ್ರಿ," ಎಂದಳು ಪಾರ್ವತೆವ್ವ. "ಇದರಾಗ ಬಿದ್ದೋರನ್ನ ಭಾಳ ನೋಡೇನಿ. ಎಳದು ತಗದೋರನ್ನ ನಿನ್ನೆ ಮೊದಲ ಸಲ ನೋಡಿದೆ. ನಮ್ಮ ಹುಡುಗಿಗೂ ಆ ಹಗ್ಗ ಒಗಿಯೂದು ಕಲಸ್ರಿ."

"ನನಗಿಂತ ಚೆನ್ನಾಗಿ ಶಾಂತಾ ಕಲಿಸುತ್ತಾಳೆ ಅವ್ವಾರೆ" ಎಂದೆ. ಪಾರ್ವತೆವ್ವ ತಿರುಗಿ ನೋಡಿದಳು. ಹಿಂದೆ, ಎಲ್ಲರಿಂದ ತುಸು ದೂರ ಗಂಗವ್ವ ಮಕ್ಕಳೊಡನೆ ನಿಂತಿದ್ದಳು. "ಬಾರವ್ವ ಶಾಂತಾ, ಮುಂದ ಬಾ. ಇವಳಿಗೆ ತೋರಸು," ಎಂದು ಪಾರ್ವತೆವ್ವನೇ ಕರೆದಳು.

ಉಳಿದ ದಿನಗಳಲ್ಲಿ ಉಸಿರಾಡಲು ಬಿಡುವಿರಲಿಲ್ಲ. ತಾವರೆಯಿಂದ ದೂರಕ್ಕೆ ಬಿದಿರು ನೆಟ್ಟು ಗಡಿ ಮಾಡಿದೆವು. ಕೊನೆಯ ಸಂಜೆ ಮಕ್ಕಳು ತಮ್ಮ ತಾಯಂದಿರನ್ನು ದೋಣಿಯಲ್ಲಿ ಒಂದು ಸುತ್ತು ತಿರುಗಿಸಿದರು. ಶಾಂತಾ ಹುಟ್ಟು ಹಿಡಿದ ಸರದಿಗೆ ಗಂಗವ್ವ ಹತ್ತಿದಳು, ಪಾರ್ವತೆವ್ವನೂ ಹತ್ತಿದಳು. ದೋಣಿಯ ಹಲಗೆ ಇಕ್ಕಟ್ಟು, ಹೆಗಲಿಗೆ ಹೆಗಲು ತಾಗದೆ ಕೂರಲು ಬರುವುದಿಲ್ಲ. ದೋಣಿ ಓಲಾಡಿದಾಗ ಒಬ್ಬರು ಇನ್ನೊಬ್ಬರ ತೋಳು ಹಿಡಿದರು.

"ಈಜ ಬರ್ತದೇನ ಗಂಗವ್ವ?"

"ಇಲ್ರಿ ಅವ್ವಾರ."

"ನನಗೂ ಇಲ್ಲ. ಗಟ್ಟಿ ಹಿಡ್ಕೊ," ಎಂದಳು ಪಾರ್ವತೆವ್ವ. ಸುತ್ತು ಮುಗಿಯುವವರೆಗೂ ಆ ಕೈಗಳು ಬಿಡಲಿಲ್ಲ.

ತಿಳವಳ್ಳಿಯ ಮೇಲಿಂದ ಶಿರಸಿಗೆ ಹೋಗುವ ಲಾರಿ ಮರುದಿನ ಮುಂಜಾನೆ ಬಂತು. ದೋಣಿ ಏರಿಸಲು ಊರ ಅರ್ಧ ಜನ ಕೈ ಹಾಕಿದರು. ಪಾರ್ವತೆವ್ವ, ಗಂಗವ್ವ ಇಬ್ಬರ ಮನೆಗಳಿಂದಲೂ ಒಂದೊಂದು ಬುತ್ತಿಯ ಗಂಟು ಬಂತು. ಸುಬ್ರಾಯಣ್ಣ ಗಂಗವ್ವನಿಗೆ ಕೈ ಮುಗಿದು, "ನಮ್ಮ ಹುಡುಗಿಯನ್ನ ಉಳಿಸಿ ಕೊಟ್ರಿ" ಎಂದರು. ಆ ಪ್ರಯಾಣದಲ್ಲಿ ಅವರಾಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಶಾಂತಾ ಮಾತ್ರ ಕಾಣಲಿಲ್ಲ. ಹೇಳದೆ ಹೋಗಲು ಮನಸ್ಸಾಗದೆ ಹುಡುಕಿದೆ, ಚಾಲಕ ಹಾರನ್ ಹೊಡೆದ. ಲಾರಿ ಕೆರೆಯ ಏರಿಯ ಮೇಲೆ ಹೊರಳಿದಾಗ ಅವಳು ಕಂಡಳು. ದಂಡೆಯಲ್ಲಿ ಎತ್ತು ಕಟ್ಟುವ ಹಳೆಯ ಹಗ್ಗ ಹಿಡಿದು ಹುಡುಗಿಯರ ಸಾಲಿನ ಮುಂದೆ ನಿಂತಿದ್ದಳು. ಯಾರದೋ ಎಸೆತ ತಪ್ಪಿರಬೇಕು. ಮತ್ತೆ ಸುರುಳಿ ಸುತ್ತು ಎಂದು ಕೈಬೀಸಿ ಹೇಳುತ್ತಿದ್ದಳು. ನಾನು ದೋಣಿಯ ಪಕ್ಕ ಎದ್ದು ನಿಂತು ಕೂಗಿದೆ, ಸೆರಗು ಬೀಸಿದೆ. ಪಾಠದಲ್ಲಿ ಮುಳುಗಿದ್ದ ಅವಳು ನನ್ನ ಕಡೆ ತಿರುಗಲೇ ಇಲ್ಲ. ಅಷ್ಟು ಸಂತೋಷದ ಬೀಳ್ಕೊಡುಗೆ ನನಗೆ ಬೇರಾವ ಊರಿನಲ್ಲೂ ಸಿಕ್ಕಿಲ್ಲ.