ಮುಖ ನೋಡಿ ಕಿಡ್ನಿ ಆರಿಸಿದವರು

ತೆಂಗಿನಕಾಯಿಯನ್ನು ಬೆರಳಲ್ಲಿ ತಟ್ಟಿದರೆ ಸಾಕು, ಒಳಗೇನಿದೆ ಎಂದು ಹೇಳಬಲ್ಲೆ. ಹಿರಿಯೂರಿನಲ್ಲಿ ಅಂಗಡಿ ಕಟ್ಟಿದ್ದೇ ಹಾಗೆ. ಮನುಷ್ಯರನ್ನೂ ಹಾಗೇ ಅಳೆಯಬಲ್ಲೆ ಎಂಬ ಜಂಬವಿತ್ತು. ಅದು ಈಚೆಗೆ ಇಳಿಯಿತು.

ತುರುವನೂರಿನ ಗೆಳೆಯ ಕೆಂಚಪ್ಪನ ಎರಡೂ ಕಿಡ್ನಿ ಕೈಕೊಟ್ಟವು. ಒಡಹುಟ್ಟಿದವರು ಒಂದು ಕೊಟ್ಟರೆ ಉಳಿದಾನು ಎಂದರು ಡಾಕ್ಟರು. ಕುರಿ ಸಾಕುವ ಮನೆತನ. ಮರಿಯ ಮುಖ ನೋಡಿಯೇ ತಾಯಿ ಯಾವುದೆಂದು ಹೇಳುವ ಜನ. ಅಣ್ಣ ತಿಪ್ಪೇಸ್ವಾಮಿ, ಕೆಂಚಪ್ಪನ ಪಡಿಯಚ್ಚು.

'ಮುಖ ಒಂದೇ ಐತೆ, ಒಳಗಿಂದು ಬ್ಯಾರೆ ಇರ್ತದೇನು?' ಎಂದರು ಹಿರಿಯರು. ನಾನೂ ತಲೆಯಾಡಿಸಿದೆ. (ರಕ್ತದ ಗುಂಪೂ ಒಂದೇ. ಇನ್ನೇನು ಬೇಕು?) ತಂಗಿ ಗಂಗಮ್ಮನನ್ನು ಯಾರೂ ಕೇಳಲಿಲ್ಲ. ಹೊಸದುರ್ಗಕ್ಕೆ ಕೊಟ್ಟ ಹೆಣ್ಣು, ಬೇರೆ ಮನೆಯವಳು!

ಅಣ್ಣನ ಪರೀಕ್ಷೆಗೆಂದು ನಾವು ಮದ್ರಾಸಿನ ಆಸ್ಪತ್ರೆಗೆ ಹೋದಾಗ, ಅಡುಗೆಗೆಂದು ಅವಳೂ ಜೊತೆಗೆ ಬಂದಿದ್ದಳು. 'ನನ್ದೂ ನೋಡ್ರಿ' ಎಂದು ತಾನೇ ತೋಳು ಚಾಚಿದಳು.

ಅಣ್ಣನದು ಕೂಡಲಿಲ್ಲ. ತಂಗಿಯದು ಕೂಡಿತು.

ಕನ್ನಡ ಬಲ್ಲ ಡಾಕ್ಟರು ತಿಳಿಸಿದರು: 'ಕುರಿಗೆ ಕಿವಿಗುರುತು ಹಾಕ್ತೀರಲ್ಲ, ಹಾಗೇ ಜೀವಕೋಶದ ಮೇಲೂ ಪ್ರೋಟೀನಿನ ಗುರುತು ಇರುತ್ತೆ. ನಮ್ಮದು ಯಾವುದು, ಹೊರಗಿನದು ಯಾವುದು ಅಂತ ಮೈಯ ಕಾವಲುಗಾರರು ಅದರಿಂದಲೇ ತಿಳಿಯೋದು. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ಯಾವ ಮಗುವಿಗೆ ಯಾವ ಅರ್ಧ ಬಂತೋ, ಮುಖ ಹೇಳಲ್ಲ.'

'ಎಲ್ರಿಗೂ ಒಂದೇ ಗುರುತು ಇದ್ದಿದ್ರೆ ಸಲೀಸಿತ್ತಲ್ಲ ಸ್ವಾಮಿ?' ಎಂದೆ.

'ರೋಗಾಣುವನ್ನ ಕಾವಲುಗಾರರಿಗೆ ತೋರಿಸಿಕೊಡೋದೂ ಈ ಗುರುತೇ. ಎಲ್ರದೂ ಒಂದೇ ಆಗಿದ್ರೆ, ಅದಕ್ಕೆ ಸಿಗದ ಒಂದೇ ರೋಗ ಇಡೀ ಊರನ್ನ ಗುಡಿಸ್ಕೊಂಡು ಹೋಗಬಹುದಿತ್ತು!'

(ಒಂದೇ ಸರಕು ತುಂಬಿದ ಅಂಗಡಿ ಮುಳುಗುವುದನ್ನು ಕಂಡವನು ನಾನು. ಒಪ್ಪಿದೆ.)

ಇನ್ನು ಗಂಗಮ್ಮನ ಅತ್ತೆ ಮನೆ ಒಪ್ಪಬೇಕು. 'ಚೌಕಾಸಿಗೆ ನೀನೇ ಸೈ, ಹೋಗಪ್ಪ' ಎಂದು ನನ್ನನ್ನು ಅಟ್ಟಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಒಂದೂ ಬೇಕಾಗಲಿಲ್ಲ.

'ಕುಂತ್ಕಳ್ರಿ' ಎಂದರು ಅತ್ತೆ ಹನುಮಕ್ಕ. 'ಕೊಡ್ಲಿ, ಒಡಹುಟ್ಟಿದೋನು ಅಲ್ವಾ? ಆದ್ರೆ ಬಾಣಂತನ ನನ್ ಮನೇಲೇ.'

'ಬಾಣಂತನ?'

'ಹೊಟ್ಟೆ ಕುಯ್ದ ಮ್ಯಾಲೆ ಮತ್ತಿನ್ನೇನ್ರಿ? ತವರಿಗೆ ಕಳಿಸಿದ್ರೆ ಮರುದಿನಾನೇ ಕೊಡ ಹೊರಿಸ್ತಾರೆ.'

'ಹಂಗಲ್ಲಕ್ಕ, ಬಾಣಂತನ ತವರುಮನೆ ಹಕ್ಕು. ಅರ್ಧ ಅಲ್ಲಿ, ಅರ್ಧ ಇಲ್ಲಿ...'

'ಏನಪ್ಪ, ಕಾಯಿ ವ್ಯಾಪಾರಕ್ಕೆ ಬಂದಿಯೇನು?'

ನಾನು ಸೋತೆ. ಜೀವಮಾನದಲ್ಲಿ ಇಷ್ಟು ಖುಷಿಯಾಗಿ ಸೋತಿರಲಿಲ್ಲ.

ತಂಗಿಯ ಕಿಡ್ನಿ ಹಾಕಿಸಿಕೊಂಡ ಕೆಂಚಪ್ಪ ಈಗ ಮೊದಲಿನಂತೆ ಜಗಳಕ್ಕೆ ಬರುತ್ತಾನೆ. ಗಂಗಮ್ಮನನ್ನು ಹನುಮಕ್ಕ ನೀರಿನ ಕೊಡದ ಹತ್ತಿರ ಬಿಡುವುದಿಲ್ಲ. ಒಂದು ಮಾತು ಕೇಳಿ: ಇಂಥ ಕಷ್ಟ ಬಂದರೆ ಮುಖ ಅಳೆಯುತ್ತ ಕೂರಬೇಡಿ, ಒಡಹುಟ್ಟಿದವರನ್ನೆಲ್ಲ ಪರೀಕ್ಷೆಗೆ ಕರೆದೊಯ್ಯಿರಿ.

ಕೆಂಚಪ್ಪನ ಮೈಯೇ ಗಂಗಮ್ಮನನ್ನು ಹೊರಗಿನವಳು ಎನ್ನಲಿಲ್ಲ. ಹಾಗೆನ್ನಲು ನಾವು ಯಾರು?