ಮಾಳಿಗೆಯ ಮೇಲೆ ಬರೆದ ಕೆರೆ

೧೯೪೩ರಲ್ಲಿ ನಾನು ದೇವನಹಳ್ಳಿಯಲ್ಲಿದ್ದೆ. ಕಸುಬು ಲೇಬಲ್ ಬರೆಯುವುದು. ಊದುಬತ್ತಿಯ ಪೊಟ್ಟಣ, ಬೆಂಕಿಪೆಟ್ಟಿಗೆ, ತಲೆಗೆಣ್ಣೆಯ ಸೀಸೆ, ದೊಡ್ಡಬಳ್ಳಾಪುರದ ಸೀರೆಯ ಗಂಟು, ಎಲ್ಲದರ ಮೇಲೂ ನನ್ನ ಲಕ್ಷ್ಮಿ, ನನ್ನ ನವಿಲು, ನನ್ನ ಹುಲಿ. ಬೆಂಗಳೂರಿನ ಲಿಥೋ ಪ್ರೆಸ್ಸಿನವರಿಗೆ ಲಕ್ಷ್ಮಿಯ ಕೆನ್ನೆ ಗುಲಾಬಿಯಾಗಿದ್ದರೆ ಸಾಕು, ಬೇರೇನನ್ನೂ ಕೇಳುತ್ತಿರಲಿಲ್ಲ. ಹೊಟ್ಟೆಪಾಡು ಹಾಗೆ ನಡೆಯುತ್ತಿತ್ತು. ಬಿಡುವು ಸಿಕ್ಕ ಬೆಳಗ್ಗೆ ಸೈಕಲ್ ಹತ್ತಿ ಸುತ್ತಿನ ಕೆರೆಗಳಿಗೆ ಹೋಗಿ ನನಗೆ ಬೇಕಾದ್ದನ್ನು ಬರೆಯುತ್ತಿದ್ದೆ.

ಬೇಕಾದ್ದು ಎಂದರೆ ಮರವಲ್ಲ, ಹಕ್ಕಿಯಲ್ಲ, ಬಿಂದಿಗೆ ಹೊತ್ತ ಹೆಂಗಸೂ ಅಲ್ಲ. ನೀರು ಇಳಿದಂತೆ ದಡದಲ್ಲಿ ಉಳಿಯುವ ಪಟ್ಟೆಗಳು, ಪಾಚಿಯ ಹಸಿರು, ಕೆಸರಿನ ಕಂದು, ಆಳದ ಕಪ್ಪು. ಆಕಾರವೇ ಇಲ್ಲದ ಬರೀ ಬಣ್ಣ. ಈಗ ಅದಕ್ಕೆ ಅಮೂರ್ತ ಚಿತ್ರ ಎಂಬ ಗೌರವದ ಹೆಸರಿದೆ. ಆಗ ನನ್ನ ಹೆಂಡತಿ ರುಕ್ಮಿಣಿ "ಮತ್ತೆ ಬಣ್ಣದ ಬಟ್ಟಲು ಉರುಳಿಸ್ಕೊಂಡ್ರಾ?" ಎನ್ನುತ್ತಿದ್ದಳು. ಮನೆಗೆ ಬಂದವರು ಚಿತ್ರವನ್ನು ತಲೆಕೆಳಗಾಗಿ ಹಿಡಿದು ಹೊಗಳಿದ್ದೂ ಉಂಟು.

ಅದು ಯುದ್ಧದ ಕಾಲ. ಕುಂದಾಣದ ದಾರಿಯಲ್ಲಿದ್ದ ಒಂದು ಕೆರೆಯ ಏರಿ ಒಡೆದು, ನೀರು ಹರಿಯಬಿಟ್ಟು, ನೆಲ ಸಮ ಮಾಡಿ ಸೈನ್ಯದವರು ದೊಡ್ಡದೊಂದು ಗೋದಾಮು ಕಟ್ಟಿದ್ದರು. ಅದರ ಉಸ್ತುವಾರಿಗೆ ಇದ್ದವರು ಒಬ್ಬ ಇಂಗ್ಲಿಷ್ ಕ್ಯಾಪ್ಟನ್. ಪೆಟ್ಟಿಗೆಗಳ ಮೇಲೆ ಅಕ್ಷರ ಬರೆಸಲು ನನ್ನನ್ನು ಹುಡುಕಿಕೊಂಡು ಮನೆಗೆ ಬಂದವರು ಗೋಡೆಯ ಚಿತ್ರವೊಂದರ ಮುಂದೆ ನಿಂತುಬಿಟ್ಟರು. "ಇದು ಯಾವ ಜಾಗ?" ಎಂದರು. "ನಿಮ್ಮ ಗೋದಾಮು ಇರೋ ಜಾಗ, ಸರ್. ಮೊದಲು ಹೀಗಿತ್ತು" ಎಂದೆ.

ಒಂದು ವಾರದಲ್ಲಿ ನನಗೆ ಹೊಸ ಕೆಲಸ ಸಿಕ್ಕಿತು. ಕ್ಯಾಮಫ್ಲಾಜ್ ಎಂದರೆ ಮೇಲೆ ಹಾರುವ ಶತ್ರು ವಿಮಾನದ ಕಣ್ಣಿಗೆ ಕಟ್ಟಡ ಕಾಣದಂತೆ ಮರೆಸುವ ವಿದ್ಯೆ. ಕ್ಯಾಪ್ಟನ್ ಹೇಳಿದ್ದು ಇಷ್ಟೇ: "ಹಳೆಯ ನಕ್ಷೆಯಲ್ಲಿ ಇಲ್ಲೊಂದು ಕೆರೆ ಇದೆ. ಅದು ಇನ್ನೂ ಇದೆ ಅಂತ ಶತ್ರುವಿಗೆ ಕಾಣಬೇಕು."

ಗೋದಾಮಿನದು ಚಪ್ಪಟೆಯಾದ ಗಾರೆಯ ಮಾಳಿಗೆ. ಎತ್ತರ ಎರಡಾಳಿನ ಮೇಲೆ, ಸುತ್ತ ಕೈಪಿಡಿ ಗೋಡೆ ಇಲ್ಲ. ಮೇಲಿನಿಂದ ಕಟ್ಟಡವನ್ನು ಹಿಡಿದುಕೊಡುವುದು ಅದರ ಬಣ್ಣವಲ್ಲ, ಅಂಚು. ನೇರವಾದ ಅಂಚು, ಅದರ ನೇರವಾದ ನೆರಳು. ಅದನ್ನು ಮುಚ್ಚಲು ಮಾಳಿಗೆಯ ತುದಿಯಿಂದ ದೂರದ ಗೂಟಗಳವರೆಗೆ ತೆಂಗಿನ ನಾರಿನ ಬಲೆ ಇಳಿಬಿಟ್ಟು, ಬಲೆಗೆ ಬಣ್ಣದ ಚಿಂದಿ ಕಟ್ಟಿದೆವು. ಬಲೆ ಹಕ್ಕಿಯ ಭಾರ ತಡೆದೀತು, ಮನುಷ್ಯನದಲ್ಲ. ಮಾಳಿಗೆ ಮುಗಿದು ಬಲೆ ಶುರುವಾಗುವುದು ಎಲ್ಲಿ ಎಂದು ಯಾರಿಗೂ ತಿಳಿಯಬಾರದು, ಕೆಲಸದ ಮುಖ್ಯ ಗುಟ್ಟೇ ಅದು.

ಹಳೆಯ ಚಿತ್ರಗಳನ್ನು ಮುಂದಿಟ್ಟುಕೊಂಡು ಆ ಕೆರೆಯನ್ನೇ ಮತ್ತೆ ಬರೆದೆ. ಲಕ್ಷ್ಮಿಯ ಕೆನ್ನೆ ತಿದ್ದಿ ತಿದ್ದಿ ಬೇಸತ್ತ ಕೈಗೆ ಅಷ್ಟು ದೊಡ್ಡ ಹಾಳೆ ಸಿಕ್ಕಿತ್ತು. ಹಾಡುತ್ತಾ ಬರೆದೆ. ನೀರಿಗೆ ಹೊಳಪು ಬರಲೆಂದು ಕೊನೆಯಲ್ಲಿ ವಾರ್ನಿಷ್ ಎಳೆದೆ.

ಹಕ್ಕಿಗಳು ಬರತೊಡಗಿದ್ದು ಅದಾದ ಮೇಲೆ.

ಗೋದಾಮಿನ ಕಾವಲುಗಾರ ಮುನಿಯಪ್ಪ ಒಂದು ಬೆಳಗ್ಗೆ ನನ್ನನ್ನು ಏಣಿ ಹತ್ತಿಸಿದ. ಐವತ್ತು ದಾಟಿದ, ಮಾತು ಕಮ್ಮಿಯ ಮನುಷ್ಯ. ಕೆರೆ ಇದ್ದಾಗ ಅವನೇ ಅದರ ನೀರುಗಂಟಿ, ಅಂದರೆ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವವನು. ಕೆರೆ ಹೋದ ಮೇಲೆ ಈ ಕಾವಲಿನ ಕೆಲಸ ಕೊಟ್ಟಿದ್ದರು. ಮಾಳಿಗೆಯ ಮೇಲೆ ಇಪ್ಪತ್ತು ಮೂವತ್ತು ಗುಳುಮುಳುಕಗಳು, ಕೆರೆಯಲ್ಲಿ ಮುಳುಗೇಳುವ ಪುಟ್ಟ ಹಕ್ಕಿಗಳು, ಕೂತಿದ್ದವು. ಸತ್ತಿರಲಿಲ್ಲ, ಸದ್ದಿರಲಿಲ್ಲ. ಆಳದ ಕಪ್ಪು ಬರೆದ ಕಡೆಯೇ, ಕೆರೆಯಲ್ಲಿ ತೇಲುವಾಗ ಇರುವಷ್ಟೇ ಅಂತರ ಬಿಟ್ಟುಕೊಂಡು ಕೂತಿದ್ದವು. ಆ ಹಕ್ಕಿ ನೀರಿನ ಮೇಲೆ ಓಡಿಯೇ ರೆಕ್ಕೆ ಬಿಚ್ಚಬೇಕು, ಗಟ್ಟಿ ನೆಲದಿಂದ ಏಳಲಾರದು. ಹಾಗಾಗಿ ಬಂದವು ಬಂದಲ್ಲೇ ಕಾಯುತ್ತಿದ್ದವು.

ನನಗೆ ಮೈ ಜುಮ್ಮೆಂದಿತು. ಹೆದರಿಕೆಯ ಜೊತೆಗೆ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

"ತೂಬಿನ ತಾವ ಹಿಂಗೇ ಕಪ್ಪಾಗಿರ್ತಿತ್ತು ಸ್ವಾಮಿ" ಎಂದ ಮುನಿಯಪ್ಪ. ಒಂದೊಂದೇ ಹಕ್ಕಿಯನ್ನು ಎತ್ತಿ ಮಂಕರಿಗೆ ತುಂಬಿಕೊಂಡು ಪಕ್ಕದೂರಿನ ಕೆರೆಗೆ ಬಿಟ್ಟು ಬಂದ. ಮರುದಿನ ಮತ್ತೆ ಅಷ್ಟೇ ಇದ್ದವು. ಕ್ಯಾಪ್ಟನ್‌ಗೆ ಹೇಳಿದರೆ ನಕ್ಕರು. ಹಕ್ಕಿಯೇ ಮೋಸಹೋದ ಮೇಲೆ ವಿಮಾನದವನದೇನು ಎಂದರು.

ಕೆಲವು ದಿನ ಕಳೆದು ಮುನಿಯಪ್ಪನ ಹೆಂಡತಿ ಗಂಗಮ್ಮ ನಮ್ಮ ಮನೆಗೆ ಬಂದಳು. ಒಳಗೆ ಕೂರಲಿಲ್ಲ, ಹೊಸ್ತಿಲಲ್ಲೇ ನಿಂತು ಹೇಳಿದಳು.

"ನಮ್ಮೆಜಮಾನ್ರು ದಿನಾ ಆ ಮಾಳಿಗೆ ಮ್ಯಾಲೆ ಪಂಚೆ ಎತ್ತಿ ಕಟ್ಕಂಡು ಓಡಾಡ್ತಾರೆ ಸ್ವಾಮಿ. ಕರುದ್ರೆ ತಿರುಗಿ ನೋಡಾಕಿಲ್ಲ. ಮನೆಗ್ ಬಂದ್ಮೇಲೆ ಒಣಗಿರೋ ಕಾಲ ಒರೆಸ್ಕತಾರೆ. ಮ್ಯಾಲೆ ತಡೆ ಇಲ್ವಂತಲ್ಲ. ನೀವು ಬರುದ್ರಂತೆ, ನೀವೇ ಅಳಿಸ್ಬಿಡಿ."

"ಅದು ಸರ್ಕಾರದ್ದು ಕಣಮ್ಮ" ಎಂದೆ.

"ನಂಗೆ ಇರೋದು ಅವರೊಬ್ರೇ" ಎಂದಳು.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಏಣಿ ಹತ್ತಿದೆ. ಇಬ್ಬನಿ ಬಿದ್ದು ವಾರ್ನಿಷ್ ತಣ್ಣಗೆ ಮಿನುಗುತ್ತಿತ್ತು. ವಾರ್ನಿಷ್‌ಗೆ ನಾನು ಬಳಸಿದ್ದು ಅಗಸೆ ಎಣ್ಣೆ. ಮೂಗಿಗೆ ಬಂದದ್ದು ಕೆಸರಿನ ವಾಸನೆ. ಮುನಿಯಪ್ಪ ದೂರದಲ್ಲಿ ಬೆನ್ನು ಮಾಡಿಕೊಂಡು ನಡೆಯುತ್ತಿದ್ದ. ಪಂಚೆ ಮೊಣಕಾಲಿನ ಮೇಲಿತ್ತು. ನೀರಿನಲ್ಲಿ ನಡೆಯುವವರು ಹಾಗೇ, ಪಾದವನ್ನು ಮೇಲೆತ್ತದೆ ದೂಡಿಕೊಂಡು ಹೋಗುತ್ತಾರೆ. ಅವನ ಮುಂದೆ ಒಂದು ಗುಳುಮುಳುಕ ಕೂತಿತ್ತು, ಮೆಲ್ಲಗೆ ಮೇಲೆ ಕೆಳಗೆ ತೂಗುತ್ತಿತ್ತು. ನೀರಿನಲ್ಲಲ್ಲವೇ ಹಕ್ಕಿ ತೂಗುವುದು ಎಂದುಕೊಂಡೆ. ಮರುಕ್ಷಣ ಹೊಳೆಯಿತು, ಅದು ಕೂತಿರುವುದು ಬಲೆಯ ಮೇಲೆ.

"ಮುನಿಯಪ್ಪಾ, ನಿಂತ್ಕೋ" ಎಂದು ಕೂಗಿದೆ. ಅವನಿಗೆ ಕೇಳಿಸಲಿಲ್ಲ. ಓಡಬೇಕಿತ್ತು, ಬಗ್ಗಿ ನೋಡಿಕೊಂಡರೆ ನನ್ನ ಎರಡು ಕೈಗಳೂ ಷರಾಯಿಯನ್ನು ಮೊಣಕಾಲಿನವರೆಗೆ ಮಡಚುತ್ತಿದ್ದವು. ಅಂಚು ಎಲ್ಲಿದೆ ಎಂದು ಕಣ್ಣಾಡಿಸಿದೆ. ಬರೆದವನು ನಾನೇ, ನನಗೇ ಸಿಗಲಿಲ್ಲ. ಯಾವ ಬುದ್ಧಿ ಹೇಳಿಸಿತೋ ಗೊತ್ತಿಲ್ಲ, ಮತ್ತೆ ಕೂಗಿದೆ.

"ಮುನಿಯಪ್ಪಾ, ತೂಬು ತೆಗೆದುಬಿಟ್ಟವ್ರೆ!"

ಅವನು ಗಕ್ಕನೆ ನಿಂತ. ತಿರುಗಿ, ನನ್ನ ಕಡೆಗಲ್ಲ, ನಾನು ತೂಬಿನ ಕಪ್ಪು ಬರೆದ ಕಡೆಗೆ ಗಾಬರಿಯಿಂದ ನೋಡಿದ. ಆ ಗಳಿಗೆಯಲ್ಲಿ ಹೋಗಿ ಅವನ ರಟ್ಟೆ ಹಿಡಿದೆ. ಅವನ ಬಲಗಾಲಿನ ಬೆರಳುಗಳು ಆಗಲೇ ನಾರಿನ ಮೇಲಿದ್ದವು. "ಯಾರು ತೆಗೆದದ್ದು?" ಎಂದು ಕೇಳಿದ. ಏಣಿಯವರೆಗೆ ಕೈ ಹಿಡಿದು ಕರೆತಂದೆ.

ಅಂದು ಸಂಜೆ ಕ್ಯಾಪ್ಟನ್‌ರನ್ನು ಒತ್ತಾಯ ಮಾಡಿ ಮೇಲೆ ಕರೆದೊಯ್ದೆ. ಚಿತ್ರದ ದಡಕ್ಕೆ ಬಂದವರು ಬೂಟು ಮುಂದಿಡದೆ ನಿಂತರು. ತಗ್ಗಿದ ದನಿಯಲ್ಲಿ, "ಎಷ್ಟು ಆಳ ಇದೆ?" ಎಂದರು. ಕೇಳಿದ್ದು ಏನೆಂದು ಅವರಿಗೇ ಅರಿವಾಗಿ ಮುಖ ಕೆಂಪಾಯಿತು. "ಏನು ಮಾಡಬೇಕೋ ಮಾಡು" ಎಂದು ಕೆಳಗಿಳಿದುಹೋದರು.

ಇಟ್ಟಿಗೆಯ ಪುಡಿ ಮತ್ತು ಒಲೆಯ ಬೂದಿಯನ್ನು ಜರಡಿ ಹಿಡಿದು, ಚರ್ಮ ಕುದಿಸಿ ಮಾಡುವ ವಜ್ರದ ಅಂಟಿನಲ್ಲಿ ಕಲಸಿ, ಕೆರೆಯ ಮೇಲೆಲ್ಲ ತೆಳ್ಳಗೆ ಎಳೆದೆ. ಹೊಳಪು ಸತ್ತಿತು. ಅಂಚಿನ ಉದ್ದಕ್ಕೂ, ಮೇಲಿನಿಂದ ಕಾಣದ ಹಾಗೆ, ಕಾಲಿಗೆ ಎಡವುವಷ್ಟು ಎತ್ತರಕ್ಕೆ ಹಗ್ಗ ಕಟ್ಟಿಸಿದೆ. ನಾನು ಬರೆದವುಗಳಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರ ಹಿಂದೆಯೂ ಇರಲಿಲ್ಲ, ಆಮೇಲೂ ಆಗಲಿಲ್ಲ. ನನ್ನ ಕೈಯಿಂದಲೇ ಅದನ್ನು ಕೊಲ್ಲುವಾಗ ಅತ್ತುಬಿಟ್ಟೆ. ವಿಮಾನದಿಂದ ತೆಗೆದ ಫೋಟೋದಲ್ಲಿ ಅದು ಆಗಲೂ ಕೆರೆಯಂತೆಯೇ ಕಂಡಿತು. ಸೈನ್ಯಕ್ಕೆ ಅಷ್ಟು ಸಾಕಾಗಿತ್ತು. ಹಕ್ಕಿಗಳು ಬರುವುದು ನಿಂತಿತು.

ಮುನಿಯಪ್ಪನನ್ನು ನಾನೇ ಮೇಲೆ ಕರೆದೊಯ್ದು ತೋರಿಸಿದೆ. ಅವನು ಕೂತು ಅಂಗೈಯಿಂದ ಒರಟು ನೆಲವನ್ನು ಸವರಿದ. ಬೂದಿ ಹತ್ತಿದ ಕೈಯನ್ನು ಬಹಳ ಹೊತ್ತು ನೋಡಿಕೊಂಡ.

"ಒಂದ್ಸಲ ಅವರು ಬತ್ತಿಸಿದ್ರು" ಎಂದ. "ಈಗ ನೀವು."

ಗಂಗಮ್ಮ ಮನೆಗೆ ಬಂದು ಕಾಲಿಗೆ ಬಿದ್ದಳು. ಮುನಿಯಪ್ಪ ಮಾತ್ರ ಆಮೇಲೆ ನನ್ನೊಡನೆ ಮಾತಾಡಲೇ ಇಲ್ಲ.

ಚಿತ್ರ ಕಲಿಯಲು ಬಂದವರಿಗೆ ರೇಖೆ, ಬಣ್ಣ, ನೆರಳು ಎಲ್ಲವನ್ನೂ ಹೇಳಿಕೊಟ್ಟಿದ್ದೇನೆ. ಆ ಮಾಳಿಗೆ ಕಲಿಸಿದ್ದನ್ನು ಹೇಳುವುದು ಇದೇ ಮೊದಲು. ಕಳೆದುಕೊಂಡದ್ದನ್ನು ಯಾರಿಗಾದರೂ ಬರೆದುಕೊಡಬೇಕಾಗಿ ಬಂದರೆ, ಪೂರ್ತಿ ಬರೆದುಕೊಡಬೇಡಿ. ಅವರು ಹಿಂತಿರುಗಿ ಬರಲು ಒಂದಿಷ್ಟು ಒಣ ನೆಲ ಬಿಡಿ.